ದಿವ್ಯ ಸಾನ್ನಿಧ್ಯ

ಶಿಕಾರಿಪುರದ ಬಸ್‌ಸ್ಟ್ಯಾಂಡಿಗೆ ಎದುರಾಗಿ, ಒಂದು ಬೇಕರಿಗೂ ಮೊಬೈಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಹತ್ತಡಿ ಅಗಲದ ಮಳಿಗೆ ಸುರೇಂದ್ರನದು. ಮೇಲೆ ‘ಸ್ಪಂದನ ಡಿಜಿಟಲ್ಸ್’ ಎಂದು ಮಗಳ ಹೆಸರಿನ ಬೋರ್ಡು. ಒಳಗೆ ಒಂದು ಕಂಪ್ಯೂಟರು, ಎರಡು ಕುರ್ಚಿ, ಫ್ಲೆಕ್ಸು ಬಿಗಿಯಲು ಗೋಡೆಗೆ ಒರಗಿಸಿದ ರೀಪುಪಟ್ಟಿಗಳು. ತಾಲ್ಲೂಕಿನಲ್ಲಿ ಯಾರು ದೊಡ್ಡವರು, ಯಾರು ಸಣ್ಣವರು, ಯಾರು ನಿನ್ನೆಯವರೆಗೆ ಸಣ್ಣವರಿದ್ದು ಇವತ್ತು ಬೆಳಿಗ್ಗೆ ದೊಡ್ಡವರಾಗಿ ಎದ್ದರು ಎನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಇಲ್ಲಿ. ಫ್ಲೆಕ್ಸು ಮಾಡುವವನು ಮನುಷ್ಯರನ್ನು ಅಡಿ ಲೆಕ್ಕದಲ್ಲಿ ಅಳೆಯುತ್ತಾನೆ.

ಫ್ಲೆಕ್ಸಿಗೂ ಒಂದು ವ್ಯಾಕರಣವಿದೆ. ನಡುವಿನ ದೊಡ್ಡ ಮುಖ ಯಾರದೋ ಕಾರ್ಯಕ್ರಮ ಅವರದು. ಎಡಕ್ಕೆ ಬಲಕ್ಕೆ ಅವರಿಗೆ ಬೇಕಾದವರು. ತಳದಲ್ಲಿ ಅಂಚೆಚೀಟಿಯ ಗಾತ್ರದಲ್ಲಿ, ಹಲ್ಲು ಕಾಣುವಂತೆ ನಗುತ್ತಿರುವ, ಕುರ್ಚಿ ಹಾಕಿ ಓಡಾಡಿದ ಬಡಪಾಯಿಗಳು. ಒಬ್ಬನ ತಲೆ ಇನ್ನೊಬ್ಬನ ತಲೆಗಿಂತ ಅರ್ಧ ಇಂಚು ಚಿಕ್ಕದಾಗಿದೆ ಎಂದು ಅಣ್ಣ ತಮ್ಮ ಮಾತು ಬಿಟ್ಟದ್ದನ್ನು ಸುರೇಂದ್ರ ಕಣ್ಣಾರೆ ಕಂಡಿದ್ದಾನೆ. ಮಠದ ಸಮಾರಂಭ, ಸೊಸೈಟಿ ಚುನಾವಣೆ, ಸಿನಿಮಾ ಹೀರೋನ ಹುಟ್ಟುಹಬ್ಬ, ತೀರಿಕೊಂಡವರ ಪುಣ್ಯಸ್ಮರಣೆ, ಎಲ್ಲಕ್ಕೂ ಅವನಲ್ಲಿ ಅಚ್ಚುಗಳು ತಯಾರಿವೆ. ಹಳೆಯ ಮುಖ ತೆಗೆದು ಹೊಸ ಮುಖ ಕೂರಿಸುವುದು, ಮೂಲೆ ಹಿಡಿದು ಎಳೆಯುವುದು. ಎಳೆದಷ್ಟೂ ಮನುಷ್ಯ ದೊಡ್ಡವನಾಗುತ್ತಾನೆ. ಸಂಜೆಯ ಹೊತ್ತಿಗೆ ಫೈಲು ಶಿವಮೊಗ್ಗಕ್ಕೆ ಹೋದರೆ ಮರುದಿನದ ಬಸ್ಸಿಗೆ ಪ್ರಿಂಟಾದ ರೋಲು ಬಂದು ಬೀಳುತ್ತದೆ. ಹನ್ನೊಂದು ವರ್ಷ ಈ ಕೆಲಸ ಮಾಡಿದವನಿಗೆ ದೊಡ್ಡವರನ್ನು ಕಂಡರೆ ಭಯವೂ ಹುಟ್ಟುವುದಿಲ್ಲ, ಭಕ್ತಿಯೂ ಹುಟ್ಟುವುದಿಲ್ಲ. ಅವರೆಲ್ಲ ಅವನ ಕೈಯಲ್ಲೇ ದೊಡ್ಡವರಾದವರು.

ಅವನು ಒಂದೇ ಒಂದು ಸಲವೂ ಎಳೆಯದ ಮುಖವೆಂದರೆ ಸುಬ್ಬಪ್ಪ ಪಾಸ್ಟರದು.

ಸುಬ್ಬಪ್ಪನವರಿಗೆ ಅರವತ್ತೇಳು. ಸೊರಬದಲ್ಲಿ ಬಾಡಿಗೆ ಮನೆ. ಶಿಕಾರಿಪುರದ ಹೊರಗೆ, ತಗಡಿನ ಮಾಡಿನ ಕೆಳಗೆ ಅವರ ಪ್ರಾರ್ಥನೆಯ ಸಭೆ ಕೂಡುತ್ತದೆ. ಎರಡೂ ತಾಲ್ಲೂಕು ಸೇರಿ ಮೂವತ್ತೈದು ಕುಟುಂಬ. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಬರುತ್ತಾರೆ. ಹೆಗಲಿಗೆ ಬಟ್ಟೆಯ ಚೀಲ, ಅದರೊಳಗೆ ಬೈಬಲು, ಒಂದು ಟವೆಲ್ಲು, ಬಿ.ಪಿ. ಮಾತ್ರೆ. ನಿಜ ಹೇಳಬೇಕೆಂದರೆ ಪ್ರಸಂಗ ಮಾಡುವುದರಲ್ಲಿ, ಅಂದರೆ ಬೈಬಲು ಓದಿ ಉಪದೇಶ ಹೇಳುವುದರಲ್ಲಿ, ಅವರು ಅಷ್ಟಕ್ಕಷ್ಟೇ. ಹತ್ತು ನಿಮಿಷವಾಗುವಷ್ಟರಲ್ಲಿ ಮೊದಲು ಹೇಳಿದ್ದನ್ನು ಮರೆತು ಅದನ್ನೇ ಮತ್ತೆ ಹೇಳುತ್ತಾರೆ. ಹಾಡಲು ನಿಂತರೆ ಡೋಲಕ್ಕು ಒಂದು ದಾರಿ, ಅವರೊಂದು ದಾರಿ. ಆದರೆ ಕ್ಯಾಸನೂರಿನ ಕಡೆ ಮಂಗನ ಕಾಯಿಲೆ ಎದ್ದ ವರ್ಷ ಸಭೆಗೆ ಸೇರಿದವರು ಸೇರದವರು ಎಂದು ನೋಡದೆ ಜ್ವರದವರನ್ನು ಆಸ್ಪತ್ರೆಗೆ ಸೇರಿಸಿ, ಹೊರಗಿನ ಬೆಂಚಿನ ಮೇಲೆ ಎರಡು ವಾರ ಕಳೆದವರು ಅವರೇ.

ಎಂಟು ವರ್ಷದ ಕೆಳಗೆ ಸುರೇಂದ್ರ ಕುಡಿತಕ್ಕೆ ಬಿದ್ದಿದ್ದ. ಹೆಂಡತಿ ಮಾಲಾ ಮಗುವನ್ನು ಎತ್ತಿಕೊಂಡು ತವರಿಗೆ ಹೋಗಿದ್ದಳು. ಆಗ ಸುಬ್ಬಪ್ಪನವರು ನಲವತ್ತು ದಿನ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಬಂದು, ಎರಡನೇ ಕುರ್ಚಿಯಲ್ಲಿ ಕೂತು, ಮುಚ್ಚುವ ಹೊತ್ತಿಗೆ ಎದ್ದು ಹೋದರು. ಕುಡಿಯಬೇಡ ಎಂದು ಒಂದು ದಿನವೂ ಹೇಳಲಿಲ್ಲ. ಸುರೇಂದ್ರನ ಕೈ ನಡುಗುತ್ತಿದ್ದುದರಿಂದ ಫ್ಲೆಕ್ಸಿನ ಅಂಚಿಗೆ ತೂತು ಹೊಡೆದು ರಿಂಗು ಕೂರಿಸುವುದನ್ನು ತಾವೇ ಕಲಿತುಕೊಂಡರು. ಮಾಲಾ ವಾಪಸು ಬಂದಳು, ಇಬ್ಬರೂ ಸಭೆಗೆ ಸೇರಿದರು. ಈ ಕಥೆಯನ್ನು ಅವರು ಸಭೆಯಲ್ಲಿ ದೇವರ ಉಪಕಾರಕ್ಕೆ ಸಾಕ್ಷಿಯಾಗಿ ಇವತ್ತಿನವರೆಗೆ ಹೇಳಿಲ್ಲ. ಕೇಳಿದರೆ, ‘ಅದು ನಿಂದು ಮಾರಾಯ, ನನ್ನ ಬಾಯಲ್ಲಿ ಯಾಕೆ?’ ಎನ್ನುತ್ತಾರೆ.

ದಿನಕ್ಕೆ ಹತ್ತು ಜನರನ್ನು ಉಬ್ಬಿಸಿ ಕಟ್ಟುವವನಿಗೆ, ಉಬ್ಬದ ಒಬ್ಬ ಮನುಷ್ಯ ಬೇಕಿತ್ತು. ಅವರೊಬ್ಬರು ಹೀಗೇ ಉಳಿದರೆ ಸಾಕು, ತನ್ನ ನಂಬಿಕೆ ಬೀಳುವುದಿಲ್ಲ ಎಂದು ಸುರೇಂದ್ರ ಧೈರ್ಯವಾಗಿದ್ದ. ಅದೂ ಒಂದು ಬಗೆಯ ಫ್ಲೆಕ್ಸೇ ಎನ್ನುವುದು ಅವನಿಗೆ ಆಗ ಹೊಳೆದಿರಲಿಲ್ಲ.

ಸಭೆಗೆ ಇಪ್ಪತ್ತೈದು ತುಂಬುವ ವರ್ಷ ಬಂತು. ಫೆಬ್ರುವರಿಯಲ್ಲಿ ರಜತ ಮಹೋತ್ಸವ ಮಾಡುವುದೆಂದು ಕಮಿಟಿ ತೀರ್ಮಾನಿಸಿತು. ಕಮಿಟಿ ಎಂದರೆ ಹೆಸರಿಗೆ ಐದು ಜನ, ಲೆಕ್ಕಕ್ಕೆ ಒಬ್ಬರೇ, ರಾಜೇಶ್ವರಮ್ಮ. ಮೂವತ್ತು ವರ್ಷ ಅಂಗನವಾಡಿ ನಡೆಸಿ ನಿವೃತ್ತರಾದ ಹೆಂಗಸು. ಎದುರಿಗಿರುವವರು ಯಾವ ವಯಸ್ಸಿನವರಾದರೂ ಕೈಕಟ್ಟಿ ಕೂರಿಸಿ ಮಾತಾಡುವ ಅಭ್ಯಾಸ ಅವರಿಗೆ ಇನ್ನೂ ಹೋಗಿಲ್ಲ.

‘ಎಲೀಯ ಬ್ರದರನ್ನ ಕರೆಸೋಣ’ ಅಂದರು ರಾಜೇಶ್ವರಮ್ಮ. ‘ಒಂದ್ಸಲ ಅವರ ಕಾಲು ಈ ಊರಿಗೆ ಬೀಳ್ಲಿ, ಆಮೇಲೆ ನೋಡ್ರಿ ನಮ್ಮ ಸಭೆ ಹೆಂಗೆ ಬೆಳೀತೈತಿ ಅಂತ.’

ಬ್ರದರ್ ಎಲೀಯ ಪ್ರಸನ್ನ ಎಂದರೆ ಮೊಬೈಲು ಇರುವ ವಿಶ್ವಾಸಿಗಳಿಗೆ ಪರಿಚಯ ಹೇಳಬೇಕಾಗಿಲ್ಲ. ಬಿಳಿ ಕೋಟು, ಬಿಳಿ ಬೂಟು, ಸ್ಟೇಜಿನ ಮೇಲೆ ಹೊಗೆ. ಅವರು ಕೈ ಬೀಸಿದರೆ ಮುಂದಿನ ಸಾಲು ಬೀಳುತ್ತದೆ, ಅದನ್ನು ಲಕ್ಷಾಂತರ ಜನ ಚಾನೆಲಿನಲ್ಲಿ ನೋಡುತ್ತಾರೆ. ಶಿಕಾರಿಪುರದ ಸಭೆಗೂ ಆ ಗಾಳಿ ಬಡಿದು ಎರಡು ವರ್ಷವಾಗಿತ್ತು. ರಾಜೇಶ್ವರಮ್ಮನ ಮಂಡಿ ನೋವಿಗೆ ಈಗ ಸುಬ್ಬಪ್ಪನವರ ಪ್ರಾರ್ಥನೆ ಹತ್ತುತ್ತಿರಲಿಲ್ಲ. ಫೋನನ್ನು ಮಂಡಿಗೆ ಒತ್ತಿ ಹಿಡಿದು ಎಲೀಯ ಬ್ರದರಿನ ಲೈವು ಹಾಕಿಕೊಳ್ಳುತ್ತಿದ್ದರು. ಸಭೆಗೆ ಸೇರುವ ಮೊದಲು ದೇವರ ಪಟಗಳಿದ್ದ ಗೋಡೆಯ ಮೊಳೆ ಅವರ ಮನೆಯಲ್ಲಿ ವರ್ಷಗಟ್ಟಲೆ ಖಾಲಿ ಇತ್ತು. ಈಗ ಅದೇ ಮೊಳೆಗೆ ಬ್ರದರಿನ ಕ್ಯಾಲೆಂಡರು ಬಂತು. ಶುಕ್ರವಾರ ಅದಕ್ಕೆ ಒಂದು ಸೇವಂತಿಗೆ ಸಿಕ್ಕಿಸುವಾಗ ಕೈ ತನ್ನಷ್ಟಕ್ಕೆ ಹಾಗೆ ಮಾಡುತ್ತಿತ್ತು. ತಾವೇನು ಮಾಡುತ್ತಿದ್ದೇವೆಂದು ಆ ಅಮ್ಮನಿಗೆ ತಿಳಿದಿತ್ತು ಎಂದು ಹೇಳಲಾರೆ.

ಅವರಿಗಿಂತ ಒಂದು ಕೈ ಮೇಲು ಬಂದಳಿಕೆಯ ಜಯಪ್ಪ. ಗೋವಿನಜೋಳದ ರೈತ, ಕಮಿಟಿಯಲ್ಲೂ ಒಬ್ಬ, ಸಭೆಯ ಡೋಲಕ್ಕು ಅವನದೇ. ಬ್ರದರಿನ ದೊಡ್ಡ ಕೂಟವೊಂದಕ್ಕೆ ಹೋಗಿ ಮೂರನೇ ಸಾಲಿನಲ್ಲಿ ಬಿದ್ದು ಎದ್ದು ಬಂದಿದ್ದ. ಬೆನ್ನುನೋವು ಹೋಯಿತೆಂದು ಹೇಳಿಕೊಂಡು ತಿರುಗುತ್ತಿದ್ದ. ಅವನ ಫೋನು ಬಡಿದುಕೊಂಡರೂ ಬ್ರದರಿನ ದನಿ, ಬೈಕಿನ ಮುಂದೆ ಬ್ರದರಿನ ಸ್ಟಿಕ್ಕರು.

ಸುಬ್ಬಪ್ಪನವರಿಗೆ ಇದೆಲ್ಲ ಕಾಣದೆ ಇರಲಿಲ್ಲ. ಒಂದು ಭಾನುವಾರ ಕಮಿಟಿಯವರು ಅವರ ಪ್ರಸಂಗವನ್ನು ಅರ್ಧಕ್ಕೆ ನಿಲ್ಲಿಸಿ, ಟಿ.ವಿ. ತಂದಿಟ್ಟು, ಬ್ರದರಿನ ಪ್ರಸಂಗ ಹಾಕಿದರು. ಪಾಸ್ಟರು ಹೋಗಿ ಹಿಂದಿನ ಚಾಪೆಯ ಮೇಲೆ ಕೂತು ಎಲ್ಲರ ಜೊತೆ ಕೇಳಿದರು. ಸುರೇಂದ್ರನಿಗೆ ಮೈ ಉರಿಯಿತು. ಅವರ ಮುಖದಲ್ಲಿ ಮಾತ್ರ ಏನೂ ಇರಲಿಲ್ಲ.

ಫ್ಲೆಕ್ಸಿನ ಕೆಲಸ ಸುರೇಂದ್ರನಿಗೇ ಬಂತು, ಬೇರೆ ಯಾರಿಗೆ ಬರಬೇಕು. ಕೈತುಂಬ ಕೆಲಸವಿದ್ದ ವಾರ. ಹೊಸದಾಗಿ ಮಾಡುತ್ತ ಕೂರಲು ಪುರುಸೊತ್ತಿಲ್ಲದೆ, ಆಗಷ್ಟೇ ಮುಗಿದಿದ್ದ ಮಠದ ಕಾರ್ಯಕ್ರಮವೊಂದರ ಅಚ್ಚು ತೆರೆದ. ಸ್ವಾಮೀಜಿಯವರ ಫೋಟೊ ತೆಗೆದು ಬ್ರದರನ್ನು ಕೂರಿಸಿದ. ತಲೆಯ ಹಿಂದೆ ಸೂರ್ಯಕಿರಣದ ಹಳದಿ ಚಕ್ರ ಮೊದಲೇ ಇತ್ತು, ಬಿಳಿ ಕೋಟಿಗೆ ಅದು ಚೆನ್ನಾಗಿ ಒಪ್ಪಿತು. ತಳದ ಸಾಲಿನಲ್ಲಿ ಕಮಿಟಿಯವರ ಫೋಟೊ ಇಟ್ಟ. ಸುಬ್ಬಪ್ಪನವರ ಫೋಟೊ ಅವನಲ್ಲಿ ಇರಲಿಲ್ಲ, ಕೇಳಿದರೆ ಕೊಡುವವರೂ ಅಲ್ಲ. ‘ಸ್ವಾಗತ ಕೋರುವವರು’ ಎಂಬಲ್ಲಿ ಬರೀ ಹೆಸರು ಹಾಕಿದ. ಬ್ರದರಿನ ತಲೆಯ ಮೇಲಿದ್ದ ಎರಡು ಪದಗಳನ್ನು ಮಾತ್ರ ಅವನು ಬದಲಾಯಿಸಲಿಲ್ಲ. ಅವು ಅವನ ಕಣ್ಣಿಗೇ ಬೀಳಲಿಲ್ಲ. ‘ದಿವ್ಯ ಸಾನ್ನಿಧ್ಯ’.

ಅವನದೂ ತಪ್ಪೆನ್ನುವಂತಿಲ್ಲ. ಈ ಕಡೆ ಹುಟ್ಟಿ ಬೆಳೆದವರಿಗೆ ದೊಡ್ಡ ಸಮಾರಂಭವೆಂದ ಮೇಲೆ ಒಂದು ದಿವ್ಯ ಸಾನ್ನಿಧ್ಯ, ಒಂದು ಅಧ್ಯಕ್ಷತೆ, ಒಂದಿಷ್ಟು ಘನ ಉಪಸ್ಥಿತಿ ಇದ್ದೇ ಇರಬೇಕು. ಮದುವೆ ಕಾಗದದಿಂದ ಹಿಡಿದು ಕಬಡ್ಡಿ ಪಂದ್ಯದವರೆಗೆ ಕಣ್ಣು ಅದಕ್ಕೆ ಪಳಗಿರುತ್ತದೆ. ಸ್ವಾಮಿಗಳು ಬಂದು ಕೂರುವ ಜಾಗಕ್ಕೆ ಆ ಮಾತು. ಸುರೇಂದ್ರ ಕಮಿಟಿಯ ಐವರಿಗೂ ಫೋನಿನಲ್ಲಿ ಕಳಿಸಿದ. ಐವರೂ ಹೆಬ್ಬೆರಳೆತ್ತಿದರು. ಜಯಪ್ಪ ಅಳುವ ಮುಖ ಮೂರು ಕಳಿಸಿದ, ಸಂತೋಷಕ್ಕೆ.

ನೋಡಿದ ಕೂಡಲೇ ಹಿಡಿದವರು ಸುಬ್ಬಪ್ಪನವರು. ಮಂಗಳವಾರ ಬಸ್ಸಿಳಿದು ಅಂಗಡಿಗೆ ಬಂದವರು ಕನ್ನಡಕ ಏರಿಸಿ ಪರದೆಯನ್ನು ಓದಿದರು. ಆಮೇಲೆ ನಗುತ್ತ ಕುರ್ಚಿಯಲ್ಲಿ ಕೂತರು.

‘ಸುರೇಂದ್ರಪ್ಪಾ, ಇದೊಂದು ಸಾಲು ತೆಗೀಬೇಕಲ್ಲ ಮಾರಾಯ.’

‘ಯಾವುದು ಪಾಸ್ಟರೇ?’

‘ದಿವ್ಯ ಸಾನ್ನಿಧ್ಯ. ನಾವು ಪ್ರತಿ ಭಾನುವಾರ ಬಾಗಿಲು ತೆಗೆದು ಕಾಯ್ತೀವಲ್ಲ, ಆ ಸಾನ್ನಿಧ್ಯ ಒಬ್ಬಂದೇ ಕಣಪ್ಪ. ಅವನ ಫೋಟೊ ನಿನ್ನ ಹತ್ರ ಇಲ್ಲ.’

ಸುರೇಂದ್ರ ನಾಲಗೆ ಕಚ್ಚಿಕೊಂಡ. ಆ ಕ್ಷಣವೇ ಅಳಿಸಿದ. ಆದರೆ ತಿದ್ದಿದ್ದನ್ನು ನೋಡಿ ರಾಜೇಶ್ವರಮ್ಮ ಮಧ್ಯಾಹ್ನದ ಬಿಸಿಲಲ್ಲಿ ಅಂಗಡಿಗೇ ಬಂದರು.

‘ಯಾಕೆ ತೆಗೆದಿ? ಎಲ್ಲಾರ ಫ್ಲೆಕ್ಸಿನಾಗೂ ಇರ್ತೈತಿ. ನಮ್ಮೋರದ್ದು ಮಾತ್ರ ಬೋಳು ಬೋಳು ಕಾಣ್ಬೇಕಾ? ನನ್ನ ತಂಗಿ ಮನೆಯೋರು ನೋಡಿದ್ರೆ, ನಿಮಗೆ ಒಬ್ಬ ಸ್ವಾಮಿನೂ ಗತಿ ಇಲ್ಲೇನು ಅಂತಾರೆ. ಇಪ್ಪತ್ತು ವರ್ಷದಿಂದ ಅದನ್ನೇ ಅಂತಾರೆ.’

‘ಪಾಸ್ಟರು ಬೇಡ ಅಂದ್ರು ಅಮ್ಮ.’

‘ಪಾಸ್ಟರಿಗೆ ಏನು ಗೊತ್ತಾಗ್ತೈತಪ್ಪ ಇದೆಲ್ಲ. ಹಾಕು.’

ಆ ತಂಗಿಯ ಮನೆಯವರ ಮಾತು ಬಂದಾಗ ಅವರ ದನಿ ಸ್ವಲ್ಪ ಒಡೆದಿತ್ತು. ಸುರೇಂದ್ರ ಆ ಎರಡು ಪದಗಳನ್ನು ಮತ್ತೆ ಹಾಕಿದ. ಶಿಕಾರಿಪುರದಲ್ಲಿ ಆರು, ಶಿರಾಳಕೊಪ್ಪದಲ್ಲಿ ಎರಡು, ಸೊರಬದಲ್ಲಿ ನಾಲ್ಕು, ಹೀಗೆ ಹನ್ನೆರಡು ಕಡೆ ಬಿಳಿ ಬೂಟಿನ ಎಲೀಯ ಪ್ರಸನ್ನ ದಿವ್ಯ ಸಾನ್ನಿಧ್ಯದ ಕೆಳಗೆ ಕೈ ಎತ್ತಿ ನಿಂತರು. ಸುಬ್ಬಪ್ಪನವರು ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಅದರ ಕೆಳಗೇ ನಿಂತು ಬಸ್ಸು ಕಾಯುತ್ತಿದ್ದರು. ಆ ಬಗ್ಗೆ ಮತ್ತೆ ಮಾತೆತ್ತಲಿಲ್ಲ.

ಮಹೋತ್ಸವಕ್ಕೆ ಮೂರು ವಾರವಿರುವಾಗ ಸುದ್ದಿ ಬಂತು. ಬ್ರದರಿನ ಹಾಡುವ ತಂಡದಲ್ಲಿದ್ದ ಹುಡುಗಿಯೊಬ್ಬಳು ಪೊಲೀಸರಿಗೆ ದೂರು ಕೊಟ್ಟಿದ್ದಳು. ಮೊದಲ ದಿನ ಸಭೆಯವರು ಇದು ಸೈತಾನನ ಕೆಲಸ ಎಂದರು. ಎರಡನೇ ದಿನ ಇನ್ನಿಬ್ಬರು ಹುಡುಗಿಯರು ಬಾಯಿ ತೆರೆದರು. ಮೂರನೇ ದಿನ ಬ್ರದರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿರಲಿಲ್ಲ, ಚಾನೆಲಿನಲ್ಲಿ ಹಳೆಯ ವಿಡಿಯೋಗಳು ಮಾತ್ರ ಓಡುತ್ತಿದ್ದವು. ನಾಲ್ಕನೇ ದಿನ ಒಂದು ಲಾಡ್ಜಿನಲ್ಲಿ ಸಿಕ್ಕರು. ಮುಖಕ್ಕೆ ಟವೆಲ್ಲು ಹಾಕಿಕೊಂಡು ಜೀಪು ಹತ್ತಿದ್ದನ್ನು ಶಿಕಾರಿಪುರದ ಬೇಕರಿಯ ಟಿ.ವಿ.ಯಲ್ಲಿ ಜನ ಟೀ ಕುಡಿಯುತ್ತ ನೋಡಿದರು. ಬೇಕರಿಯ ಹೊರಗೆ ಅದೇ ಮನುಷ್ಯ ಎಂಟಡಿ ಎತ್ತರದಲ್ಲಿ ನಗುತ್ತಿದ್ದ. ಒಬ್ಬ ಗಿರಾಕಿ ಒಳಗೊಮ್ಮೆ ಹೊರಗೊಮ್ಮೆ ನೋಡಿ, ‘ಇವನೇ ಅಲ್ವೇನ್ರೀ?’ ಎಂದು ಸುರೇಂದ್ರನನ್ನೇ ಕೇಳಿದ.

ಹನ್ನೆರಡು ಫ್ಲೆಕ್ಸನ್ನೂ ಸುರೇಂದ್ರ ಒಂದೇ ದಿನದಲ್ಲಿ ಬಿಚ್ಚಿಸಿದ. ರಾಜೇಶ್ವರಮ್ಮ ಕ್ಯಾಲೆಂಡರನ್ನು ಮಡಿಸಿ ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟರು. ಹರಿಯಲು ಕೈ ಬರಲಿಲ್ಲವಂತೆ. ಭಾನುವಾರ ಸಭೆಗೆ ಬಂದವರು ಹದಿಮೂರು ಜನ. ಡೋಲಕ್ಕು ಮೂಲೆಯಲ್ಲಿ ಹಾಗೇ ಇತ್ತು.

ಜಯಪ್ಪ ಬಂದಿರಲಿಲ್ಲ. ಸುಬ್ಬಪ್ಪನವರು ಮಾರನೇ ದಿನವೇ ಬಂದಳಿಕೆಗೆ ಹೋದರು. ಹಾಗೇ ಮತ್ತೆರಡು ದಿನ ಹೋದರು. ಮೂರನೇ ಸಲ ಅಲ್ಲಿಂದ ನೇರ ಅಂಗಡಿಗೆ ಬಂದು, ಚೀಲ ಕೂಡ ಇಳಿಸದೆ ಕೂತರು.

‘ಬೈಬಲನ್ನ ಗೋಣಿಚೀಲಕ್ಕೆ ಹಾಕಿ ಅಟ್ಟಕ್ಕೆ ಎಸೆದಿದಾನೆ’ ಅಂದರು. ‘ಅವರೇ ಸುಳ್ಳಾದ ಮೇಲೆ ಎಲ್ಲಾ ಸುಳ್ಳು ಅಂತಾನೆ. ನಾನು ಹೇಳಿದೆ, ಜಯಪ್ಪ, ನಿನಗೆ ದೀಕ್ಷಾಸ್ನಾನ ಕೊಟ್ಟೋನು ನಾನು, ನಿನ್ನ ತಾಯಿ ಹೋದಾಗ ಹೆಗಲು ಕೊಟ್ಟೋನು ನಾನು, ನನ್ನ ಮುಖ ನೋಡಿ ಆದ್ರೂ ಬಾ ಅಂದೆ.’

‘ಅದಕ್ಕೆ?’

‘ಪಾಸ್ಟರೇ, ನಿಮ್ಮನ್ನ ನೋಡಿ ನಾನು ಯಾವತ್ತೂ ನಂಬಿದ್ದಲ್ಲ ಅಂದ.’

ಇಷ್ಟು ವರ್ಷದಲ್ಲಿ ಅವರು ಯಾರ ಮೇಲೂ ದೂರು ಹೇಳಿದ್ದನ್ನು ಸುರೇಂದ್ರ ಕೇಳಿರಲಿಲ್ಲ. ‘ನನ್ನ ಮುಖ ನೋಡಿ’ ಎಂದು ಅವರು ಯಾರಿಗೂ ಹೇಳಿದ್ದನ್ನೂ ಕೇಳಿರಲಿಲ್ಲ. ಟೀ ತರಿಸಿದ. ಅದು ಆರಿ ಕೆನೆಗಟ್ಟುವವರೆಗೂ ಪಾಸ್ಟರು ಲೋಟವನ್ನು ಕೈಯಲ್ಲೇ ಹಿಡಿದು ಕೂತಿದ್ದರು.

ಕಮಿಟಿ ಮತ್ತೆ ಸೇರಿತು. ಫ್ಲೆಕ್ಸಿನವನೆಂದು ಸುರೇಂದ್ರನನ್ನೂ ಕರೆದಿದ್ದರು. ಮಹೋತ್ಸವ ಕೈಬಿಡಬೇಕೇ ಎಂಬ ಪ್ರಶ್ನೆ ಬಂತು. ಆಗ ರಾಜೇಶ್ವರಮ್ಮ ಒಂದು ಮಾತು ತೆಗೆದರು. ಪಶ್ಚಾತ್ತಾಪ ಅವರಿಗೆ ಖಂಡಿತ ಆಗಿತ್ತು, ಕಣ್ಣು ಊದಿಕೊಂಡಿತ್ತು. ಆದರೆ ಪಶ್ಚಾತ್ತಾಪವೂ ತನಗೆ ಗೊತ್ತಿರುವ ದಾರಿಯಲ್ಲೇ ನಡೆಯುತ್ತದೆ.

‘ನಮ್ಮ ಮನೆಯಾಗೇ ದೇವರಂಥಾ ಮನುಷ್ಯನ್ನ ಇಟ್ಕಂಡು ಹೊರಗೆ ಹುಡುಕಿದ್ವಿ. ಸುಬ್ಬಪ್ಪ ಪಾಸ್ಟರನ್ನೇ ಕೂರಿಸೋಣ. ಎಲ್ಲಿ ಎಲ್ಲಿ ಅವನ ಫೋಟೊ ಇತ್ತೋ ಅಲ್ಲೆಲ್ಲಾ ಇವರ ಫೋಟೊ ಬರ್ಬೇಕು. ಅವನಿಗಿಂತ ಒಂದು ಅಡಿ ದೊಡ್ಡದೇ ಬರ್ಲಿ. ಸಾರೋಟು ತರಿಸಿ ಮೆರವಣಿಗೆ ಮಾಡೋಣ. ಜಯಪ್ಪ ನೋಡಿದ್ರೆ ತಾನಾಗೇ ಬರ್ತಾನೆ.’

ಎಲ್ಲರ ಮುಖದಲ್ಲೂ ಕಳೆ ಬಂತು. ಒಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಸುರೇಂದ್ರ ಒಬ್ಬನೇ, ‘ಅವರು ಒಪ್ಪಲ್ಲ’ ಅಂದ.

‘ನೀನು ಮಾಡಿ ತೋರ್ಸು. ಒಪ್ತಾರೆ’ ಅಂದರು ರಾಜೇಶ್ವರಮ್ಮ.

ಮಾಡಿ ತೋರಿಸಿಬಿಡುವುದೇ ಒಳ್ಳೆಯದು ಎಂದು ಸುರೇಂದ್ರನಿಗೂ ಅನಿಸಿತು. ಅವನ ಲೆಕ್ಕ ಬೇರೆ ಇತ್ತು. ನೋಡಿದ ತಕ್ಷಣ ಪಾಸ್ಟರು ಹೋದ ಸಲದಂತೆ ನಕ್ಕು ಬೇಡವೆನ್ನುತ್ತಾರೆ, ಅದನ್ನು ಅವರ ಬಾಯಿಂದಲೇ ಕಮಿಟಿಗೆ ಕೇಳಿಸಿದರೆ ಈ ಹುಚ್ಚು ಇಲ್ಲಿಗೆ ನಿಲ್ಲುತ್ತದೆ. ಬೇಡ ಎನ್ನುವ ಆ ಮಾತು ಕಮಿಟಿಗಿಂತ ಹೆಚ್ಚಾಗಿ ಅವನಿಗೇ ಬೇಕಿತ್ತು. ಬ್ರದರು ಬಿದ್ದದ್ದಕ್ಕೆ ಅವನು ಅಲುಗಾಡಿರಲಿಲ್ಲ. ಇವರು ಅಲುಗಾಡಿದರೆ ತಾನು ಎಲ್ಲಿ ನಿಲ್ಲಬೇಕೆಂದು ಅವನಿಗೆ ಗೊತ್ತಿರಲಿಲ್ಲ.

ಭಾನುವಾರ ಸಭೆಯಲ್ಲಿ ಅವರಿಗೆ ಗೊತ್ತಾಗದಂತೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದ. ಅದನ್ನು ಕತ್ತರಿಸಿ ಅದೇ ಅಚ್ಚಿನಲ್ಲಿ ಕೂರಿಸಿದ. ಕೂರಿಸಿದ ಮೇಲೆ ಕೈ ಸುಮ್ಮನಿರಲಿಲ್ಲ. ಕೆನ್ನೆಯ ಕಲೆ ತೆಗೆದ, ಕಣ್ಣಿಗೆ ಬೆಳಕು ಕೊಟ್ಟ, ಬೋಳು ಹಣೆಗೆ ನಾಲ್ಕು ಕೂದಲು ಇಳಿಸಿದ. ಮಾಸಿದ ಅಂಗಿಯನ್ನು ಹಾಲಿನ ಬಿಳುಪು ಮಾಡಿದ. ತಲೆಯ ಹಿಂದಿನ ಹಳದಿ ಚಕ್ರ ಬಂದದ್ದೇ ತಡ, ಆ ಮುಖ ಎಷ್ಟು ಚೆಂದ ಎದ್ದು ನಿಂತಿತೆಂದರೆ ಸುರೇಂದ್ರ ಕುರ್ಚಿ ಹಿಂದೆ ಸರಿಸಿ ನೋಡಿದ. ಮೂಲೆ ಹಿಡಿದು ಇನ್ನೂ ಸ್ವಲ್ಪ ಎಳೆದ. ಇಷ್ಟು ದಿನ ಯಾರು ಯಾರನ್ನೋ ಮಾಡಿದೆ, ಇವರನ್ನು ಯಾಕೆ ಮಾಡಲಿಲ್ಲ ಎಂದು ಒಂದು ಗಳಿಗೆ ನಿಜವಾಗಿಯೂ ಅನಿಸಿಬಿಟ್ಟಿತು. ಆಮೇಲೆ ನಾಚಿಕೆಯಾಯಿತು. ಮೇಲಿನ ಎರಡು ಪದಗಳನ್ನು ಈ ಸಲ ಬೇಕೆಂದೇ ಹಾಗೇ ಉಳಿಸಿದ.

ಬುಧವಾರ ಬೆಳಿಗ್ಗೆ ಫೋನು ಮಾಡಿ ಕರೆಸಿಕೊಂಡ. ಕಮಿಟಿ ಏನು ಮಾಡಲು ಹೊರಟಿದೆಯೆಂದು ಫೋನಿನಲ್ಲೇ ಹೇಳಿದ್ದ. ಹನ್ನೊಂದು ಗಂಟೆಗೆ ಪಾಸ್ಟರು ಬಂದು ಚೀಲ ಇಳಿಸಿದರು. ಸುರೇಂದ್ರ ಪರದೆಯನ್ನು ಅವರ ಕಡೆ ತಿರುಗಿಸಿ ಕಾದ.

ಅವರು ನಗಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

‘ಇದು ನಾನಾ?’

‘ಹೌದು ಪಾಸ್ಟರೇ.’

‘ಕೂದಲು ಇಷ್ಟಿದೆಯಾ ನನಗೆ?’

‘ಸ್ವಲ್ಪ ಸೇರಿಸಿದೀನಿ.’

ಹೂಂ ಅಂದರು. ಕಣ್ಣು ಪರದೆಯ ಮೇಲಿಂದ ಕೆಳಕ್ಕೆ ನಿಧಾನವಾಗಿ ಬಂತು. ಆ ಎರಡು ಪದಗಳ ಮೇಲೆ ಹಾದು ಬಂದದ್ದನ್ನು ಸುರೇಂದ್ರ ನೋಡಿದ. ಹೊರಗೆ ಯಾವುದೋ ಬಸ್ಸು ಹಾರನ್ನು ಹೊಡೆಯುತ್ತಲೇ ಇತ್ತು.

‘ಸೊರಬದಲ್ಲಿ ಎಲ್ಲೆಲ್ಲಿ ಕಟ್ತೀರಿ?’

‘ಮೊದಲು ಕಟ್ಟಿದ್ದ ಕಡೆನೇ. ನಾಲ್ಕು.’

‘ಕುಪ್ಪಗಡ್ಡೇಲಿ ಒಂದು ಹಾಕ್ಬಹುದಾ?’

ಕುಪ್ಪಗಡ್ಡೆ ಅವರು ಹುಟ್ಟಿದ ಊರು. ಸುರೇಂದ್ರನಿಗೆ ಗೊತ್ತಿದ್ದದ್ದು ಅಷ್ಟೇ. ಉಳಿದದ್ದನ್ನು ಪಾಸ್ಟರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು. ನಲವತ್ತೊಂದು ವರ್ಷದ ಹಿಂದೆ ಬೈಬಲು ಹಿಡಿದು ಮನೆ ಬಿಟ್ಟದ್ದು. ಆಮೇಲೆ ಆ ಮನೆಯಲ್ಲಿ ಆರು ಮದುವೆಯಾದವು, ಒಂದಕ್ಕೂ ಕರೆ ಬರಲಿಲ್ಲ. ಅವ್ವ ಹೋದದ್ದು ಮೂರನೇ ದಿನಕ್ಕೆ ಗೊತ್ತಾಯಿತು. ಅಣ್ಣ ಇನ್ನೂ ಇದ್ದಾನೆ, ಎಪ್ಪತ್ತಾರು.

‘ಬಸ್ ನಿಲ್ಲೋ ಕಡೆ ಕಟ್ಟೆ ಇದೆ. ಬೆಳಿಗ್ಗೆ ಪೇಪರ್ ಓದೋಕೆ ಅಲ್ಲೇ ಬಂದು ಕೂರ್ತಾನೆ. ಅದರ ಎದುರಿಗೆ ಹಾಕಿದ್ರೆ ಸಾಕು. ನೋಡ್ಲಿ ಒಂದ್ಸಲ. ಏನೂ ಇಲ್ದೆ ಹೋಗ್ಲಿಲ್ಲ ಇವನು ಅಂತ ನೋಡ್ಲಿ.’

ಸುರೇಂದ್ರನಿಗೆ ಸಿಟ್ಟು ಬಂದಿದ್ದರೆ ಸುಲಭವಿತ್ತು, ಬಂದದ್ದು ಭಯ. ಅವರ ಆಸೆ ತಪ್ಪೆಂದು ಹೇಳಲು ಅವನಿಗೆ ಬಾಯಿಲ್ಲ, ಅಂಥ ಆಸೆ ಯಾವ ಮನುಷ್ಯನಿಗೆ ಇರುವುದಿಲ್ಲ. ಆದರೆ ಅದನ್ನು ಹಾಲಿನ ಬಿಳುಪು ಮಾಡಿ, ಹಿಂದೆ ಬೆಳಕಿಟ್ಟು, ಅವರ ಮುಂದೆ ಹಿಡಿದವನು ತಾನು. ಹೌದು ಎಂದುಬಿಡಬಹುದಿತ್ತು. ಆಗ ಪಾಸ್ಟರು ಸಂತೋಷವಾಗಿ ಎದ್ದು ಹೋಗುತ್ತಿದ್ದರು, ಈ ಕುರ್ಚಿಗೆ ಮತ್ತೆ ಬರುವವರು ಬೇರೆ ಯಾರೋ ಆಗಿರುತ್ತಿದ್ದರು.

‘ಪಾಸ್ಟರೇ’ ಅಂದ. ‘ನೀವು ಬೇಡ ಅಂತೀರಿ ಅಂದ್ಕೊಂಡು ಇದನ್ನ ಮಾಡಿದ್ದು ನಾನು.’

ಸುಬ್ಬಪ್ಪನವರು ಕನ್ನಡಕ ತೆಗೆದರು. ಟವೆಲ್ಲಿನ ತುದಿಯಿಂದ ಒರೆಸಿದರು.

‘ನಾನೂ ಬೇಡ ಅನ್ನೋಕೆ ಅಂತಲೇ ಬಸ್ ಹತ್ತಿದೆ ಕಣಪ್ಪ. ದಾರಿ ಉದ್ದಕ್ಕೂ ಏನು ಹೇಳ್ಬೇಕು ಅಂತ ಜೋಡಿಸ್ಕೊಂಡು ಬಂದೆ. ರಾಜೇಶ್ವರಮ್ಮಂಗೆ ಬೇಜಾರಾಗ್ದಂಗೆ ಹೆಂಗೆ ಹೇಳ್ಬೇಕು ಅಂತ ಕೂಡ. ಇದನ್ನ ನೋಡಿದ ಮೇಲೆ ಅದ್ಯಾವುದೂ ಬಾಯಿಗೆ ಬರ್ಲಿಲ್ಲ.’ ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ಪರದೆ ನೋಡಿದರು. ‘ಆ ಎಲೀಯನೂ ಮೊದಲ ಸಲ ಹಿಂಗೇ ಎಲ್ಲೋ ಕೂತು ನೋಡಿರ್ತಾನೆ.’

ಸುರೇಂದ್ರ ಮೌಸಿಗೆ ಕೈ ಹಾಕಿದ. ‘ಅಳಿಸ್ಲಾ?’

‘ಈಗ ಬೇಡ!’ ಅಂದರು ಪಾಸ್ಟರು. ಆ ದನಿಯ ಜೋರಿಗೆ ಅವರೇ ಬೆಚ್ಚಿದರು. ಆಮೇಲೆ ಮೆಲ್ಲಗೆ, ‘ನಾನು ಬಸ್ ಹತ್ತಿದ ಮೇಲೆ ಅಳಿಸು. ಇಲ್ಲಿದ್ರೆ ಮತ್ತೆ ತಡೀತೀನಿ. ಅಮ್ಮಂಗೆ ನಾನೇ ಹೇಳ್ತೀನಿ’ ಅಂದರು.

ಇಬ್ಬರೂ ರಸ್ತೆ ದಾಟಿದರು. ಸೊರಬದ ಬಸ್ಸು ನಿಂತಿತ್ತು. ಪಾಸ್ಟರು ಹತ್ತಿ ಕಿಟಕಿಯ ಪಕ್ಕ ಕೂತರು, ಸುರೇಂದ್ರ ಕೆಳಗೆ ನಿಂತ. ಪಾಸ್ಟರು ಒಂದೆರಡು ಸಲ ಅಂಗಡಿಯ ಕಡೆ ನೋಡಿದರು. ಕಂಡಕ್ಟರು ಸೀಟಿ ಊದಿ ಬಸ್ಸು ಅಲುಗಿದಾಗ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಸುತ್ತಲಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದರು.

‘ಕುಪ್ಪಗಡ್ಡೇದೂ ಬೇಡ ಕಣಪ್ಪಾ! ಕೇಳಿಸ್ತಾ? ಅದೂ ಬೇಡ!’

ಸುರೇಂದ್ರ ಕೈ ಎತ್ತಿದ. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ಅಂಗಡಿಗೆ ಬಂದು ಫೈಲು ಅಳಿಸಿದ.